ನವೀಕರಿಸಬಹುದಾದ ಇಂಧನ ಮತ್ತು ಸುಸ್ಥಿರ ಅಭಿವೃದ್ಧಿ: ಕರ್ನಾಟಕದ ಅನುಭವ

ಬಳಸಿದಷ್ಟನ್ನೂ ಪ್ರಕೃತಿ ತಾನೇ ಮತ್ತೆ ತುಂಬಿಕೊಡುವ ಮೂಲಗಳಿಂದ ಪಡೆಯುವ ಶಕ್ತಿಯನ್ನು ನವೀಕರಿಸಬಹುದಾದ ಇಂಧನ ಎನ್ನುತ್ತಾರೆ. ಬಿಸಿಲು, ಗಾಳಿ, ಹರಿಯುವ ನೀರು, ಸೆಗಣಿ, ಕಬ್ಬಿನ ಸಿಪ್ಪೆ ಈ ಸಾಲಿಗೆ ಸೇರುತ್ತವೆ. ಕಲ್ಲಿದ್ದಲು, ಪೆಟ್ರೋಲಿಯಂ, ನೈಸರ್ಗಿಕ ಅನಿಲ ಸೇರುವುದಿಲ್ಲ. ಕೋಟ್ಯಂತರ ವರ್ಷಗಳಲ್ಲಿ ನೆಲದಡಿ ಕೂಡಿಕೊಂಡ ಇಂಗಾಲವನ್ನು ಅವು ಕೆಲವೇ ತಲೆಮಾರುಗಳಲ್ಲಿ ಗಾಳಿಗೆ ಬಿಟ್ಟುಬಿಡುತ್ತವೆ. ಮುಂದಿನವರ ಅಗತ್ಯಗಳಿಗೆ ಕುತ್ತು ತರದೆ ಇಂದಿನವರ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂದು ವಿಶ್ವಸಂಸ್ಥೆಯ ಬ್ರುಂಟ್‌ಲ್ಯಾಂಡ್ ಆಯೋಗ 1987ರಲ್ಲಿ ಹೇಳಿತು. ಈ ಎರಡು ಪರಿಕಲ್ಪನೆಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಈಗ ರೂಢಿಯಾಗಿದೆ. ಆದರೆ ಮೂಲ ನವೀಕರಣಗೊಳ್ಳುತ್ತದೆ ಎಂದ ಮಾತ್ರಕ್ಕೆ ಯೋಜನೆ ಸುಸ್ಥಿರವಾಗುವುದಿಲ್ಲ. ಕರೆಂಟು ಯಾವ ಹೊತ್ತಿನಲ್ಲಿ ಹುಟ್ಟುತ್ತದೆ, ಯಾವ ಹೊತ್ತಿನಲ್ಲಿ ಬೇಕಾಗುತ್ತದೆ ಎಂಬ ಹೊತ್ತಿನ ಲೆಕ್ಕ ಒಂದು. ಅದು ಯಾರ ನೆಲದ ಮೇಲೆ ಹುಟ್ಟುತ್ತದೆ, ಯಾರ ಮನೆ ಬೆಳಗುತ್ತದೆ ಎಂಬ ನೆಲದ ಲೆಕ್ಕ ಇನ್ನೊಂದು. ನೂರಿಪ್ಪತ್ತು ವರ್ಷಗಳಿಗೂ ಮಿಕ್ಕಿ ಈ ಎರಡೂ ಲೆಕ್ಕಗಳೊಡನೆ ಹೆಣಗುತ್ತಿರುವ ಕರ್ನಾಟಕ ಈ ವಿಷಯದ ಅಧ್ಯಯನಕ್ಕೆ ಒಳ್ಳೆಯ ನೆಲ.

ಕೈಗಾರಿಕಾ ಯುಗಕ್ಕೆ ಮುನ್ನ ವಾತಾವರಣದ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಒಂದು ಯೂನಿಟ್ ವಿದ್ಯುತ್ತಿಗೆ, ಸ್ಥಾವರ ಕಟ್ಟುವುದರಿಂದ ಕಳಚುವವರೆಗಿನ ಎಲ್ಲವನ್ನೂ ಸೇರಿಸಿ, ಕಲ್ಲಿದ್ದಲು ಸುಮಾರು 820 ಗ್ರಾಂ ಅನಿಲವನ್ನು ಹೊರಬಿಡುತ್ತದೆ ಎಂಬುದು ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ 2014ರ ವರದಿಯಲ್ಲಿ ಕೊಟ್ಟ ಮಧ್ಯಮ ಅಂದಾಜು. ದೊಡ್ಡ ಸೌರ ಸ್ಥಾವರಕ್ಕೆ ಅದೇ ಲೆಕ್ಕದಲ್ಲಿ 48 ಗ್ರಾಂ, ಗಾಳಿಯಂತ್ರಕ್ಕೆ 12ರ ಒಳಗೆ. ಆ ಬಳಿಕ ಸೌರ ಫಲಕಗಳ ತಯಾರಿಕೆ ಇನ್ನಷ್ಟು ಮಿತವ್ಯಯದ್ದಾಗಿದೆ. 2030ರೊಳಗೆ ವಿದ್ಯುತ್ ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟನ್ನು ಕಲ್ಲಿದ್ದಲು, ತೈಲ, ಅನಿಲಗಳ ಹೊರಗಿನ ಮೂಲಗಳಿಂದ ಪಡೆಯುವುದಾಗಿ 2022ರಲ್ಲಿ ವಾಗ್ದಾನ ಮಾಡಿದ್ದ ಭಾರತ ಆ ಗುರಿಯನ್ನು 2025ರಲ್ಲೇ ಮುಟ್ಟಿತು. ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ ಎಂಬುದನ್ನು ಇಲ್ಲಿ ಮರೆಯಬಾರದು. ದೇಶದಲ್ಲಿ ನಿಜವಾಗಿ ಹರಿಯುವ ಕರೆಂಟಿನ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೇ. ಸೂರ್ಯ ಮುಳುಗಿದ ಮೇಲೆ ಫಲಕ ಮಲಗುತ್ತದೆ, ಬಾಯ್ಲರ್ ಮಲಗುವುದಿಲ್ಲ ಎಂಬುದೇ ಈ ವ್ಯತ್ಯಾಸದ ಮುಖ್ಯ ಕಾರಣ. ಹೊತ್ತಿನ ಲೆಕ್ಕ ಶುರುವಾಗುವುದೇ ಇಲ್ಲಿಂದ.

ಈ ಲೆಕ್ಕ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ಜಲಪಾತದಲ್ಲಿ ಹುಟ್ಟಿದ ವಿದ್ಯುತ್ತು ನೂರನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ಉದ್ದದ ವಿದ್ಯುತ್ ಮಾರ್ಗ ಆ ಕಾಲಕ್ಕೆ ಜಗತ್ತಿನಲ್ಲೇ ಅಪರೂಪ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಮೂರು ವರ್ಷದ ನಂತರ, 1905ರಲ್ಲಿ. ಅಂದರೆ ಮೈಸೂರು ಸಂಸ್ಥಾನದ ಮೊದಲ ದೊಡ್ಡ ವಿದ್ಯುತ್ ಸ್ಥಾವರ ನವೀಕರಿಸಬಹುದಾದ ಮೂಲದ್ದೇ. ಅದರ ಮೊದಲ ಕೊರತೆಯೂ ಅಂಥ ಮೂಲಗಳೆಲ್ಲಕ್ಕೂ ಸಹಜವಾದದ್ದು. ಬೇಸಿಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು, ಗಣಿಯ ಯಂತ್ರಗಳು ಮಾತ್ರ ವರ್ಷವಿಡೀ ಕರೆಂಟು ಕೇಳುತ್ತಿದ್ದವು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟಲು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಂದಿಟ್ಟ ಕಾರಣಗಳಲ್ಲಿ ನೀರಾವರಿಯ ಜೊತೆಗೆ ಶಿವನಸಮುದ್ರಕ್ಕೆ ವರ್ಷಪೂರ್ತಿ ಹದವಾಗಿ ನೀರು ಒದಗಿಸುವುದೂ ಇತ್ತು. ಹಾಗೆ ಎದ್ದ ಕೃಷ್ಣರಾಜಸಾಗರವನ್ನು ನಾವು ಮಂಡ್ಯದ ಕಬ್ಬು ಮತ್ತು ಭತ್ತದ ಜೊತೆಗೆ ನೆನೆಯುತ್ತೇವೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದು ಗಣಿಗಳಿಗೆ ಕರೆಂಟು ಕೂಡಿಡುವ ಉಗ್ರಾಣವೂ ಆಗಿತ್ತು. ಮೂಲ ಪ್ರಕೃತಿಯ ಲಯದಲ್ಲಿ ನಡೆಯುತ್ತದೆ, ಬೇಡಿಕೆ ಮನುಷ್ಯನ ಲಯದಲ್ಲಿ. ನಡುವಿನ ಅಂತರವನ್ನು ಕೂಡಿಟ್ಟ ನೀರು ತುಂಬಿತು, ಆ ನೀರಿಗೆ ಜಾಗ ಬಿಟ್ಟುಕೊಟ್ಟದ್ದು ಹಳ್ಳಿಗಳು.

ಶರಾವತಿಯಲ್ಲಿ ಇದೇ ಕಥೆ ಇನ್ನೂ ದೊಡ್ಡ ಅಳತೆಯಲ್ಲಿ ನಡೆಯಿತು. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, 1,035 ಮೆಗಾವಾಟಿನ ಶರಾವತಿ ಸ್ಥಾವರ ಹಂತಹಂತವಾಗಿ ಎದ್ದಿತು. ದಶಕಗಳ ಕಾಲ ರಾಜ್ಯದ ಕಾರ್ಖಾನೆಗಳೂ ಬೆಂಗಳೂರಿನ ಬೆಳವಣಿಗೆಯೂ ಈ ಒಂದು ನದಿಯ ಹೆಗಲ ಮೇಲೆ ಕೂತಿದ್ದವು. ಹೊಗೆಯಿಲ್ಲದ, ಅಗ್ಗದ ವಿದ್ಯುತ್ತು ಅದು, ಅದರಿಂದಾದ ಉಪಕಾರ ದೊಡ್ಡದು. ಆದರೆ ಮುಳುಗಡೆಯಾದ ಸಾವಿರಾರು ಕುಟುಂಬಗಳ ಪೈಕಿ ಅನೇಕರಿಗೆ ಬದಲಿಯಾಗಿ ಸಿಕ್ಕ ಜಮೀನಿನ ಹಕ್ಕುಪತ್ರದ ಗೋಜಲು ಮೂರನೇ ತಲೆಮಾರಿಗೂ ಬಗೆಹರಿದಿಲ್ಲ. ಹಿನ್ನೀರು ಸುತ್ತುವರಿದು ಲಾಂಚನ್ನೇ ನಂಬಿ ಬದುಕಿದ ಸಾಗರ ತಾಲ್ಲೂಕಿನ ತುಮರಿ ಸೀಮೆಗೆ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅಣೆಕಟ್ಟಿಗೂ ಸೇತುವೆಗೂ ನಡುವೆ ಅರವತ್ತು ವರ್ಷ ಕಳೆದಿವೆ. ಇಂಗಾಲದ ಲೆಕ್ಕದಲ್ಲಿ ಶರಾವತಿಗೆ ಹೆಚ್ಚಿನ ಅಂಕ ಸಿಗುತ್ತದೆ, ನೆಲದ ಲೆಕ್ಕದಲ್ಲಿ ಸಿಗುವುದಿಲ್ಲ. ಜಲವಿದ್ಯುತ್ತನ್ನು ಮೆಚ್ಚುವವರು ಈ ಎರಡನೆಯದನ್ನೂ ಬಾಯಿಬಿಟ್ಟು ಹೇಳಬೇಕು ಎಂಬುದು ಈ ಲೇಖನದ ನಿಲುವು.

ಬಿಸಿಲಿನ ವಿದ್ಯುತ್ತು ದಿನಬಳಕೆಗೆ ಬಂದದ್ದು ತೀರ ಇತ್ತೀಚೆಗೆ, ಅದೂ ಕಣ್ಣೆದುರೇ ಬೆಲೆ ಕುಸಿದು. 2010-11ರಲ್ಲಿ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸೌರವಿದ್ಯುತ್ತಿಗೆ ಗೊತ್ತುಮಾಡಿದ ದರ ಯೂನಿಟ್‌ಗೆ 17.91 ರೂಪಾಯಿ. 2016ರ ಹೊತ್ತಿಗೆ ಪಾವಗಡದ ಹರಾಜಿನಲ್ಲಿ ಅದು 4.80ರ ಆಸುಪಾಸಿಗೆ ಬಂತು, ಎರಡೇ ವರ್ಷದಲ್ಲಿ ಮೂರು ರೂಪಾಯಿಯ ಕೆಳಗಿಳಿಯಿತು. ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 2010ರಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿದ ಸೌರ ಸ್ಥಾವರ 3 ಮೆಗಾವಾಟಿನದು, ಆಗ ಅದೇ ಸುದ್ದಿ. 2019ರ ಕೊನೆಗೆ ಪಾವಗಡದ ಸೌರ ಉದ್ಯಾನ 2,050 ಮೆಗಾವಾಟನ್ನು ಮುಟ್ಟಿತು. ಒಂದು ಮೆಗಾವಾಟಿಗೆ ವರ್ಷಕ್ಕೆ ಇಪ್ಪತ್ತು ಲಕ್ಷ ಯೂನಿಟ್ ಎಂದು ಹಿಡಿದರೆ ಇದು ಸುಮಾರು 410 ಕೋಟಿ ಯೂನಿಟ್ ಆಗುತ್ತದೆ. ಭಾರತದ ಜಾಲದಲ್ಲಿ ಯೂನಿಟ್‌ಗೆ ಸರಾಸರಿ 700 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ ವರ್ಷಕ್ಕೆ ಇಪ್ಪತ್ತೊಂಬತ್ತು ಲಕ್ಷ ಟನ್ನಿನಷ್ಟು ಉಳಿತಾಯ ಆಗುತ್ತದೆ. ಗದಗ, ಚಿತ್ರದುರ್ಗ ಮುಂತಾದ ಕಡೆ ಬೆಟ್ಟಗಳ ನೆತ್ತಿಯ ಮೇಲೆ ನಿಂತ ಗಾಳಿಯಂತ್ರಗಳು ಏಳು ಸಾವಿರ ಮೆಗಾವಾಟಿನ ಆಸುಪಾಸಿನಲ್ಲಿವೆ. ನೈಋತ್ಯ ಮುಂಗಾರಿನಲ್ಲಿ ಮೋಡ ಕವಿದು ಫಲಕಗಳು ಮಂಕಾದಾಗ ಇವು ಜೋರಾಗಿ ತಿರುಗುತ್ತವೆ. ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವ ಹಂಗಾಮಿನಲ್ಲಿ ಸಿಪ್ಪೆ ಸುಟ್ಟು ಜಾಲಕ್ಕೆ ಕರೆಂಟು ಕೊಡುತ್ತವೆ. ಇವೆಲ್ಲವನ್ನೂ ನದಿಗಳ ವಿದ್ಯುತ್ತನ್ನೂ ಕೂಡಿಸಿದರೆ ರಾಜ್ಯದ ಸ್ಥಾಪಿತ ಸಾಮರ್ಥ್ಯದ ಅರ್ಧಕ್ಕಿಂತ ಹೆಚ್ಚು ನವೀಕರಿಸಬಹುದಾದ ಮೂಲಗಳದು.

ಪಾವಗಡದ ನೆಲದ ಲೆಕ್ಕ ಶರಾವತಿಗಿಂತ ಭಿನ್ನವಾಗಿದೆ. ಮೂರು ಕಡೆ ಆಂಧ್ರ ಸುತ್ತುವರಿದ, ಮೇಲಿಂದ ಮೇಲೆ ಬರ ಕಾಣುವ, ಕೊಳವೆಬಾವಿಯ ನೀರಿನಲ್ಲೂ ಫ್ಲೋರೈಡ್ ಇರುವ ತಾಲ್ಲೂಕು ಅದು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ, ಖಾತೆ ಮಾತ್ರ ರೈತನ ಹೆಸರಿನಲ್ಲೇ. ಕಡಲೆಕಾಯಿ ಬಿತ್ತಿ ಮಳೆಗೆ ಕಾದು ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡವರಿಗೆ ಇದು ಖಚಿತ ಆದಾಯ. ಮುಳುಗಡೆಯ ಕಾಲದಿಂದ ಈ ಗುತ್ತಿಗೆಯವರೆಗೆ ರಾಜ್ಯ ನಡೆದು ಬಂದ ದಾರಿ ಸಣ್ಣದಲ್ಲ. ಬೇರೆ ರಾಜ್ಯಗಳೂ ಈ ಮಾದರಿಯನ್ನು ಗಮನಿಸಿದ್ದು ಸರಿಯೇ. ಆದರೆ ಬಾಡಿಗೆ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಳೆ ತೆಗೆದು, ಕಾಯಿ ಬಿಡಿಸಿ ಕೂಲಿ ಕಾಣುತ್ತಿದ್ದ ಹೆಂಗಸರಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಇರಲಿಲ್ಲ. ಸ್ಥಾವರ ಕಟ್ಟುವಾಗ ಸಿಕ್ಕ ಕೆಲಸ ಕಟ್ಟಿ ಮುಗಿದ ಮೇಲೆ ಇಳಿಯಿತು. ಫಲಕ ತೊಳೆಯಲು, ಹುಲ್ಲು ಸವರಲು, ಕಾವಲಿಗೆ ಬೇಕಾದ ಕೈಗಳು ಹೊಲಕ್ಕೆ ಬೇಕಾಗಿದ್ದ ಕೈಗಳಷ್ಟಿಲ್ಲ. ಜಮೀನಿಲ್ಲದವರನ್ನು ಪಾಲುದಾರರೆಂದು ಎಣಿಸದ ಸೌರ ಉದ್ಯಾನ ಅಭಿವೃದ್ಧಿಯ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ. ಬಾಡಿಗೆಯ ಹಣದಲ್ಲಿ ಒಂದು ಪಾಲನ್ನು ಗ್ರಾಮದ ಹೆಸರಿನಲ್ಲಿ ಇಟ್ಟು ಭೂರಹಿತ ಕುಟುಂಬಗಳಿಗೆ ತಲುಪಿಸುವುದು, ಫಲಕಗಳ ಸಾಲಿನ ನಡುವೆ ಕುರಿ ಮೇಯಲು ಬಿಡುವುದು ಇವೇನೂ ಕೈಲಾಗದ ಕೆಲಸಗಳಲ್ಲ. ಒಪ್ಪಂದದಲ್ಲಿ ಮೊದಲೇ ಬರೆಯಬೇಕು, ಅಷ್ಟೇ.

ಹೊತ್ತಿನ ಲೆಕ್ಕಕ್ಕೆ ಮರಳಿದರೆ, 2023ರ ಬರ ಒಂದು ಕಠಿಣ ಪರೀಕ್ಷೆಯಾಗಿತ್ತು. ಮುಂಗಾರು ಕೈಕೊಟ್ಟು ಜಲಾಶಯಗಳು ತುಂಬಲಿಲ್ಲ. ಒಣಗುವ ಬೆಳೆ ಉಳಿಸಿಕೊಳ್ಳಲು ರೈತರು ಮಳೆಗಾಲದಲ್ಲೇ ಪಂಪ್‌ಸೆಟ್ ಹಾಕಿದರು. ನೀರಿನ ವಿದ್ಯುತ್ತು ಇಳಿಯುವುದು, ನೀರೆತ್ತುವ ಬೇಡಿಕೆ ಏರುವುದು ಎರಡೂ ಒಟ್ಟಿಗೆ ಆದವು. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದೊಳಗಿನ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಬೇಕಾಯಿತು. ಉತ್ತರ ಪ್ರದೇಶ, ಪಂಜಾಬುಗಳಿಂದ ಮುಂದೆ ಹಿಂತಿರುಗಿಸುವ ಕಡದ ಲೆಕ್ಕದಲ್ಲಿ ವಿದ್ಯುತ್ತು ತರಬೇಕಾಯಿತು. ಹವಾಮಾನ ಬದಲಾವಣೆಗೆ ನವೀಕರಿಸಬಹುದಾದ ಇಂಧನ ಮದ್ದು ಎನ್ನುತ್ತೇವೆ. ಅದೇ ಬದಲಾವಣೆಯ ಪೆಟ್ಟು ಮೊದಲು ಬೀಳುವುದೂ ಅದರ ಒಂದು ಕವಲಾದ ಜಲವಿದ್ಯುತ್ತಿನ ಮೇಲೆ ಎಂಬುದನ್ನು ಆ ವರ್ಷ ತೋರಿಸಿತು. ಇದರಲ್ಲೇ ಇನ್ನೊಂದು ಪಾಠವೂ ಇದೆ. ಬರದ ವರ್ಷದಲ್ಲಿ ಮೋಡ ಕಡಿಮೆ, ಬಿಸಿಲು ಹೆಚ್ಚು. ಪಂಪು ಹೆಚ್ಚು ಓಡಬೇಕಾದ ದಿನವೇ ಫಲಕವೂ ಚೆನ್ನಾಗಿ ದುಡಿಯುತ್ತದೆ.

ಈ ಹೊಂದಾಣಿಕೆಯನ್ನು ರಾಜ್ಯ ತಡವಾಗಿ ಗುರುತಿಸಿತು. ಕರ್ನಾಟಕದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ, ಮಾರಾಟವಾಗುವ ವಿದ್ಯುತ್ತಿನ ಸುಮಾರು ಮೂರನೇ ಒಂದು ಪಾಲು ಅವುಗಳದು. ಹತ್ತು ಅಶ್ವಶಕ್ತಿಯವರೆಗೆ ಕರೆಂಟು ಉಚಿತ. ಆದರೆ ತ್ರೀಫೇಸ್ ಬರುವುದು ಪಾಳಿಯಲ್ಲಿ, ಬಹಳ ಕಾಲ ಅದರ ಒಂದು ಭಾಗ ರಾತ್ರಿಯ ಪಾಳಿ. ಹಾವು, ಚಿರತೆ, ಆನೆಗಳ ಭಯದಲ್ಲಿ ಬ್ಯಾಟರಿ ಹಿಡಿದು ಮಡೆ ತಿರುಗಿಸಲು ಹೋಗುವ ಕಷ್ಟ ಬಯಲುಸೀಮೆಗೂ ಮಲೆನಾಡಿನ ಅಂಚಿಗೂ ಸಮಾನ. ಹಳ್ಳಿಯ ವಿದ್ಯುತ್ ಉಪಕೇಂದ್ರದ ಪಕ್ಕದಲ್ಲೇ ಕೆಲವು ಎಕರೆಯಲ್ಲಿ ಫಲಕ ಹಾಕಿ, ಆ ಭಾಗದ ಪಂಪ್‌ಸೆಟ್‌ಗಳ ಫೀಡರಿಗೆ ಹಗಲಿನಲ್ಲೇ ಕರೆಂಟು ಕೊಡುವುದು ಕೇಂದ್ರ 2019ರಲ್ಲಿ ಆರಂಭಿಸಿದ ಕುಸುಮ್ ಯೋಜನೆಯ ಒಂದು ಭಾಗ. ಕರ್ನಾಟಕದಲ್ಲಿ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಭಾವಿ ಹೋಬಳಿಯಲ್ಲಿ ಇದಕ್ಕೆ ಚಾಲನೆ ಸಿಕ್ಕಿತು. ದೂರದಿಂದ ತಂತಿ ಎಳೆಯುವ ನಷ್ಟ ಇಲ್ಲಿ ಕಡಿಮೆ, ಒಂದೇ ತಾಲ್ಲೂಕಿನ ಮೇಲೆ ಹದಿಮೂರು ಸಾವಿರ ಎಕರೆಯ ಹೊರೆ ಬೀಳುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಲಾಭ ಬೇರೆಯದು. ರಾತ್ರಿಯ ಬೇಡಿಕೆಯನ್ನು ಹಗಲಿಗೆ ತಂದರೆ ಅಷ್ಟು ವಿದ್ಯುತ್ತನ್ನು ಕೂಡಿಡುವ ಖರ್ಚೇ ಉಳಿಯುತ್ತದೆ. ಎತ್ತಿದ ನೀರು ಕೃಷಿಹೊಂಡದಲ್ಲೋ ತೊಟ್ಟಿಯಲ್ಲೋ ನಿಲ್ಲುವುದರಿಂದ ಅದೇ ಒಂದು ಬಗೆಯ ಉಗ್ರಾಣ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹಗಲಿನಲ್ಲಿ ಪುಕ್ಕಟೆಯಾಗಿ, ಧಾರಾಳವಾಗಿ ಕರೆಂಟು ಸಿಕ್ಕರೆ ಅಂತರ್ಜಲ ಇನ್ನಷ್ಟು ಬೇಗ ಬರಿದಾಗುವುದಿಲ್ಲವೇ? ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ಮೀರಿ ಕೊರೆದರೂ ಧೂಳು ಬರುವ ಬಾವಿಗಳನ್ನು ನೋಡಿದವರು ಈ ಪ್ರಶ್ನೆಯನ್ನು ತಳ್ಳಿಹಾಕಲಾರರು. ಬಿಸಿಲು ಬತ್ತುವುದಿಲ್ಲ, ಅದರಿಂದ ಎತ್ತುವ ನೀರು ಬತ್ತುತ್ತದೆ. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ರೈತರು ಸೌರ ಪಂಪುಗಳ ಸಹಕಾರ ಸಂಘ ಕಟ್ಟಿಕೊಂಡು, ನೀರೆತ್ತಿ ಮಿಕ್ಕ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ಎತ್ತದೆ ಬಿಟ್ಟ ನೀರಿಗೂ ಅಲ್ಲಿ ಒಂದು ಬೆಲೆ ಬಂತು. ಕರ್ನಾಟಕದ ಫೀಡರುಗಳಲ್ಲೂ ಉಳಿಸಿದ ಯೂನಿಟ್‌ಗೆ ರೈತನಿಗೆ ಹಣ ಸಿಗುವ ಏರ್ಪಾಡು ಆಗುವವರೆಗೆ ಈ ಆಕ್ಷೇಪ ನಿಲ್ಲುತ್ತದೆ. ಮೀಟರಿನ ಮಾತೆತ್ತಿದರೆ ಉಚಿತ ವಿದ್ಯುತ್ತಿಗೇ ಕತ್ತರಿ ಎಂಬ ಅನುಮಾನ ರೈತರಲ್ಲಿ ಆಳವಾಗಿದೆ, ಅದಕ್ಕೆ ಕಾರಣವೂ ಇದೆ. ದಂಡ ಹಾಕಲು ಬಂದ ಮೀಟರಲ್ಲ, ದುಡ್ಡು ಕೊಡಲು ಬಂದ ಮೀಟರ್ ಎಂದು ಮೊದಲು ನಂಬಿಕೆ ಹುಟ್ಟಬೇಕು.

ಬೇಡಿಕೆಯನ್ನೇ ಹೀಗೆ ತಿದ್ದಬಹುದೆಂಬ ವಿಚಾರವನ್ನು ಈ ನೆಲದಲ್ಲಿ ಗಟ್ಟಿಯಾಗಿ ಹೇಳಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಅಮೂಲ್ಯ ರೆಡ್ಡಿ. ಜನರಿಗೆ ಬೇಕಾದ್ದು ಯೂನಿಟ್ಟುಗಳಲ್ಲ, ಬೆಳಕು, ಬಿಸಿನೀರು, ಬೆಂದ ಅನ್ನ, ಹೊಲಕ್ಕೆ ನೀರು ಎಂಬುದು ಅವರ ವಾದದ ತಿರುಳು. 1974ರಲ್ಲಿ ಅವರು ಆರಂಭಿಸಿದ ಗ್ರಾಮೀಣ ತಂತ್ರಜ್ಞಾನದ ಅಸ್ತ್ರ ಕೇಂದ್ರದಿಂದ ಹೊಗೆ ಕಡಿಮೆಯ ಅಸ್ತ್ರ ಒಲೆ ಬಂತು. ತುಮಕೂರು ಜಿಲ್ಲೆಯ ಪುರ ಎಂಬ ಹಳ್ಳಿಯಲ್ಲಿ ಸಮುದಾಯದ ಗೋಬರ್ ಅನಿಲ ಘಟಕ ಬಂತು. ಅಡುಗೆಗೆಂದು ಮೊದಲು ಮಾಡಿದ ಏರ್ಪಾಡು ನಿಲ್ಲಲಿಲ್ಲ, ಸೆಗಣಿಯಿಂದ ಹುಟ್ಟಿದ ಅನಿಲ ಎಲ್ಲರ ಒಲೆಗೂ ಸಾಲದು. ಊರವರು ಕುಡಿಯುವ ನೀರು ಕೇಳಿದರು. ಎಂಬತ್ತರ ದಶಕದ ಕೊನೆಯಲ್ಲಿ ಅದೇ ಅನಿಲದಿಂದ ವಿದ್ಯುತ್ತು ಮಾಡಿ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟಾಗ ಯೋಜನೆಗೆ ಕಾಲು ಬಂತು. ಸೆಗಣಿಯನ್ನು ತೂಗಿ ಹಣ ಕೊಡುತ್ತಿದ್ದರು, ಬಗ್ಗಡವನ್ನು ಗೊಬ್ಬರಕ್ಕೆ ಹಿಂತಿರುಗಿಸುತ್ತಿದ್ದರು. ಕೆಲವು ವರ್ಷ ಚೆನ್ನಾಗಿ ನಡೆದು ಮುಂದೆ ಅದೂ ನಿಂತುಹೋಯಿತು. ಆದರೂ ಜನರನ್ನು ಕೇಳಿ ಕಟ್ಟಿದ್ದು ಮಾತ್ರ ನಡೆಯುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು. 1991ರಲ್ಲಿ ರೆಡ್ಡಿ ಮತ್ತು ಸಂಗಡಿಗರು ಕರ್ನಾಟಕದ ವಿದ್ಯುತ್ತಿಗೆ ಬದಲಿ ಮುನ್ನೋಟವೊಂದನ್ನು ಪ್ರಕಟಿಸಿದರು. ದಕ್ಷ ದೀಪ, ಸುಧಾರಿಸಿದ ಪಂಪು, ಸೌರ ವಾಟರ್ ಹೀಟರುಗಳನ್ನು ಲೆಕ್ಕಕ್ಕೆ ತಂದರೆ ಸರ್ಕಾರಿ ಸಮಿತಿ ಬೇಕೆಂದ ಹೊಸ ಸ್ಥಾವರಗಳಲ್ಲಿ ಬಹುಪಾಲು ಬೇಕಿಲ್ಲ ಎಂದು ಅಂಕಿ ಹಾಕಿ ತೋರಿಸಿದರು. ಬೆಂಗಳೂರಿನ ಮಾಳಿಗೆಗಳ ಮೇಲಿನ ವಾಟರ್ ಹೀಟರುಗಳು ಆ ಮಾತಿಗೆ ಸಾಕ್ಷಿಯಾಗಿ ನಿಂತಿವೆ. ನಿನ್ನೆಯ ಬಿಸಿಲನ್ನು ತೊಟ್ಟಿಯಲ್ಲಿ ಕಾದಿಟ್ಟು ಇಂದು ಬೆಳಗಿನ ಸ್ನಾನಕ್ಕೆ ಒದಗಿಸುವ ಅವು ಮುಂಜಾನೆಯ ಬೇಡಿಕೆಯನ್ನು ಸದ್ದಿಲ್ಲದೆ ತಗ್ಗಿಸುತ್ತವೆ. 1995ರಲ್ಲಿ ಶುರುವಾದ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಸಾಲದ ಮೂಲಕ ಬಡವರ ಮನೆಗೂ ಸೌರದೀಪ ಮುಟ್ಟಿಸಿದ್ದು ಇದೇ ದಾರಿಯ ಇನ್ನೊಂದು ಹೆಜ್ಜೆ. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಇಷ್ಟೆಲ್ಲ ಮಾಡಿದರೂ ಸಂಜೆ ಏಳರಿಂದ ಹತ್ತರವರೆಗಿನ ಬೇಡಿಕೆ ಉಳಿಯುತ್ತದೆ. ರಾಜ್ಯದ ಗರಿಷ್ಠ ಬೇಡಿಕೆ ಈಗ 17,000 ಮೆಗಾವಾಟನ್ನು ದಾಟಿದೆ. ಹಗಲಿನ ಹೆಚ್ಚುವರಿ ಕರೆಂಟಿನಿಂದ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತಿ, ಸಂಜೆ ಅದನ್ನೇ ಇಳಿಸಿ ವಿದ್ಯುತ್ತು ಪಡೆಯುವ 2,000 ಮೆಗಾವಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಇದಕ್ಕೆಂದೇ ರೂಪುಗೊಂಡದ್ದು. ಇಂಥ ಸ್ಥಾವರ ನೀರೆತ್ತಲು ಬಳಸಿದ ವಿದ್ಯುತ್ತಿನಲ್ಲಿ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚನ್ನು ಹಿಂತಿರುಗಿಸುತ್ತದೆ. ಎರಡೂ ಜಲಾಶಯಗಳು ಈಗಾಗಲೇ ಇವೆ, ಹೊಸ ಮುಳುಗಡೆ ಇಲ್ಲ, ಸುರಂಗಗಳು ನೆಲದಡಿ ಹೋಗುತ್ತವೆ ಎಂಬುದು ಯೋಜನೆಯ ಪರ ವಾದ. ಆ ವಾದದಲ್ಲಿ ಸತ್ಯವಿದೆ. ಆದರೆ ಸುರಂಗಕ್ಕೆ ದಾರಿ ಬೇಕು, ಅಗೆದ ಮಣ್ಣಿಗೆ ಜಾಗ ಬೇಕು, ತಂತಿಗೆ ಕಾಡು ಸೀಳಬೇಕು. ಅದು ಸಿಂಗಳೀಕಗಳಿಗಾಗಿ ಮೀಸಲಿಟ್ಟ ಅಭಯಾರಣ್ಯದೊಳಗಿನ, ಮರದ ನೆತ್ತಿಯಿಂದ ನೆತ್ತಿಗೆ ಹಾರಿಯೇ ಬದುಕುವ ಪ್ರಾಣಿಯ ನೆಲೆ. ಮಳೆಗಾಲದಲ್ಲಿ ಗುಡ್ಡ ಜಾರುವುದನ್ನು ಮಲೆನಾಡು ಈಚೆಗೆ ಮತ್ತೆ ಮತ್ತೆ ನೋಡಿದೆ. ಬ್ಯಾಟರಿಯ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವಾಗ, ಪಂಪ್‌ಸೆಟ್‌ಗಳ ಬೇಡಿಕೆಯನ್ನು ಹಗಲಿಗೆ ತರುವ ಕೆಲಸ ಇನ್ನೂ ಆರಂಭದಲ್ಲಿರುವಾಗ, ಮರಳಿ ಪಡೆಯಲಾಗದ ಕಾಡನ್ನು ಮೊದಲು ತೆರುವುದು ತಲೆಕೆಳಗಾದ ಅನುಕ್ರಮ. ಮೊದಲು ಬೇಡಿಕೆಯ ಹೊತ್ತು ಬದಲಿಸಬೇಕು, ಆಮೇಲೆ ಉಪಕೇಂದ್ರಗಳಲ್ಲಿ ಬ್ಯಾಟರಿ ಇಡಬೇಕು, ಆಮೇಲೂ ಸಾಲದಿದ್ದರೆ ಕಾಡಿನ ಹೊರಗಿನ ಒಣಗುಡ್ಡಗಳಲ್ಲಿ ನೀರೆತ್ತುವ ಸ್ಥಾವರಗಳನ್ನು ನೋಡಬೇಕು. ಶರಾವತಿ ಕಣಿವೆ ಈಗಾಗಲೇ ಒಮ್ಮೆ ಕೊಟ್ಟಿದೆ.

ಬಡ ದೇಶದ ಬರಪೀಡಿತ ತಾಲ್ಲೂಕೊಂದು ಜಗತ್ತಿನ ಹೊಗೆಯ ಭಾರವನ್ನೇಕೆ ಹೊರಬೇಕು ಎಂದು ಕೇಳುವವರಿದ್ದಾರೆ. ತಲಾವಾರು ಲೆಕ್ಕದಲ್ಲಿ ಭಾರತೀಯನ ಹೊರಸೂಸುವಿಕೆ ಜಗತ್ತಿನ ಸರಾಸರಿಗಿಂತ ಕಡಿಮೆ, ಐತಿಹಾಸಿಕ ಹೊಣೆ ಮೊದಲು ಶ್ರೀಮಂತ ದೇಶಗಳದು ಎಂಬುದು ನ್ಯಾಯದ ಮಾತು. ಆದರೆ ಕರ್ನಾಟಕದ ಮಟ್ಟಿಗೆ ಆಯ್ಕೆಯ ಸ್ವರೂಪ ಬೇರೆ. ರಾಜ್ಯದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. ರಾಯಚೂರು ಬಳಿಯ ಶಕ್ತಿನಗರದ 1,720 ಮೆಗಾವಾಟಿನ ಸ್ಥಾವರ, ಬಳ್ಳಾರಿಯ ಕುಡತಿನಿಯ ಸ್ಥಾವರ ಹೊರರಾಜ್ಯಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲಿಗೆ ಕಾಯುತ್ತವೆ. ರೇಕು ತಡವಾದರೆ ಘಟಕ ನಿಲ್ಲುತ್ತದೆ, ಹಾರುಬೂದಿ ಮಾತ್ರ ಶಕ್ತಿನಗರದ ಸುತ್ತಿನ ಊರುಗಳಲ್ಲೇ ಉಳಿಯುತ್ತದೆ. ಬಿಸಿಲು, ಗಾಳಿ ಇಲ್ಲಿಯವೇ, ದರವೂ ಹೊಸ ಕಲ್ಲಿದ್ದಲ ಸ್ಥಾವರಕ್ಕಿಂತ ಅಗ್ಗ. ಹೊಗೆ ಯಾರದೇ ಇರಲಿ, ತಪ್ಪಿದ ಮುಂಗಾರು ಪಾವಗಡದ್ದು. ನೆರವಿನ ಹಣವನ್ನು ಶ್ರೀಮಂತ ದೇಶಗಳಿಂದ ಗಟ್ಟಿಯಾಗಿ ಕೇಳುತ್ತಲೇ ಈ ಕೆಲಸ ಮಾಡಬಹುದು, ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ.

ಸಣ್ಣದೆಂದು ಕಾಣುವ ಎರಡು ಸಂಗತಿಗಳು ಮುಂದಿನ ದಶಕಗಳಲ್ಲಿ ದೊಡ್ಡವಾಗಲಿವೆ. ಎರೆಭೂತ ಹಕ್ಕಿಯ ಕೊನೆಯ ಕೆಲವೇ ನೆಲೆಗಳಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲೂ ಒಂದು. ಭಾರದ ದೇಹದ, ನೇರ ಮುಂದಕ್ಕೆ ದೃಷ್ಟಿ ಕಡಿಮೆ ಇರುವ ಈ ಹಕ್ಕಿಗೆ ಬಯಲಿನ ವಿದ್ಯುತ್ ತಂತಿಗಳು ಪ್ರಾಣಕಂಟಕ. ಹುಲ್ಲುಗಾವಲನ್ನು ದಾಖಲೆಗಳಲ್ಲಿ ಬಂಜರು ಎಂದು ಬರೆದು ಯೋಜನೆಗೆ ಬಿಟ್ಟುಕೊಡುವ ಅಭ್ಯಾಸ ನಿಲ್ಲಬೇಕು. ಇನ್ನೊಂದು, ಹಳೆಯ ಫಲಕಗಳದು. ಇಪ್ಪತ್ತೈದು ವರ್ಷದ ಆಯುಸ್ಸು ಮುಗಿದ ಗಾಜು, ಅಲ್ಯೂಮಿನಿಯಂ, ಸಿಲಿಕಾನ್, ಒಂದಿಷ್ಟು ಸೀಸ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಒಮ್ಮೆಲೇ ಕೆಳಗಿಳಿಯಲಿವೆ. 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನೂ ತಯಾರಕರ ಹೊಣೆಯೊಳಗೆ ತಂದಿವೆ. ಪಾವಗಡದ ಗುತ್ತಿಗೆ ಮುಗಿಯುವುದು 2040ರ ದಶಕದಲ್ಲಿ. ಅಷ್ಟರಲ್ಲಿ ಕಾಂಕ್ರೀಟ್ ಬುಡಗಳನ್ನು ಕಿತ್ತು, ಬದುಗಳನ್ನು ಮತ್ತೆ ಹಾಕಿ ಹೊಲವನ್ನು ಹೊಲವಾಗಿ ಹಿಂತಿರುಗಿಸುವ ಖರ್ಚಿಗೆ ವರ್ಷವರ್ಷವೂ ಹಣ ತೆಗೆದಿಡುವ ಕೆಲಸ ಈಗಲೇ ಶುರುವಾಗಬೇಕು. ಇಂದು ಗುತ್ತಿಗೆಗೆ ಸಹಿ ಹಾಕಿದವರಲ್ಲಿ ಅನೇಕರು ಆ ದಿನ ಇರುವುದಿಲ್ಲ, ಜಮೀನು ತೆಗೆದುಕೊಳ್ಳಲು ಬರುವವರು ಅವರ ಮಕ್ಕಳು.